ಕ್ಯಾಂಡಿಯಲ್ಲಿ ತಮ್ಮನ ಹಿಂದೆ

ಹೊರಡುವ ಮೊದಲು

ಶ್ರೀಲಂಕಾಕ್ಕೆ ಹೋಗಿ ಬಂದೆ ಎಂದರೆ ನಂಜನಗೂಡಿನ ಜನ ಮೊದಲು ಕೇಳುವುದು ಒಂದೇ ಮಾತು: “ರಾವಣನ ಅರಮನೆ ನೋಡಿದ್ಯಾ?” ನೋಡಲಿಲ್ಲ. ಸೀತೆಯನ್ನು ಕೂರಿಸಿದ್ದ ವನವನ್ನೂ ನೋಡಲಿಲ್ಲ. ನಾನು ನೋಡಿದ್ದು ಕ್ಯಾಂಡಿ ಎಂಬ ಊರು, ಆ ಊರಿನ ನಡುವೆ ಇರುವ ಕೆರೆ, ಕೆರೆಯ ಪಕ್ಕದ ದೇವಸ್ಥಾನ, ಸುತ್ತಮುತ್ತಲಿನ ಒಂದೆರಡು ಜಾಗ. ಅವನ್ನೆಲ್ಲ ನನಗೆ ತೋರಿಸಿದವನು ನನ್ನ ಒಡಹುಟ್ಟಿದ ತಮ್ಮ. ಅವನು ಮುಂದೆ ನಡೆದ, ನಾನು ಹಿಂದೆ ನಡೆದೆ. ಆ ದೇಶದಲ್ಲಿ ಹಾಗೇ ನಡೆಯಬೇಕು.

ನಾನು ಗಾರೆ ಕೆಲಸದವನು. ಊರು ನಂಜನಗೂಡಿನ ಹತ್ತಿರದ ಹದಿನಾರು. ಅಪ್ಪ ಸತ್ತ ವರ್ಷ ಏಳನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಸುಣ್ಣ ಕಲಸಲು ಹೋದೆ. ಆಮೇಲೆ ಕರಣೆ ಹಿಡಿದೆ, ಮೇಸ್ತ್ರಿಯಾದೆ. ನಂಜನಗೂಡಿನಿಂದ ನರಸೀಪುರದವರೆಗೆ ನಾನು ಎಬ್ಬಿಸಿದ ಗೋಡೆ ಇಲ್ಲದ ಊರು ಕಡಿಮೆ. ಒಂದು ಗೋಡೆಯೂ ಬಿರುಕು ಬಿಟ್ಟಿಲ್ಲ. ಜಂಬ ಎಂದುಕೊಂಡರೆ ಎಂದುಕೊಳ್ಳಿ, ಬೇಕಾದರೆ ಹೋಗಿ ಮುಟ್ಟಿ ನೋಡಿ.

ಅಪ್ಪ ಸತ್ತಾಗ ತಮ್ಮ ನಿಂಗರಾಜುವಿಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ನಮ್ಮ ಬೀದಿಯಲ್ಲಿ ಬುದ್ಧನ ಪಟ ಇಟ್ಟುಕೊಂಡ ಮನೆಗಳು ಆಗಲೇ ಇದ್ದವು. ಬೆಂಗಳೂರಿನ ಒಂದು ವಿಹಾರದಿಂದ ಭಂತೇಜಿ ಒಬ್ಬರು, ಬೌದ್ಧ ಸನ್ಯಾಸಿ, ಬಂದುಹೋಗುತ್ತಿದ್ದರು. ಹುಡುಗನನ್ನು ಕೊಡಿ, ಅನ್ನ ಬಟ್ಟೆ ಓದು ನಮ್ಮದು ಎಂದರು. ಮನೆಯಲ್ಲಿ ಒಲೆ ಹೊತ್ತದ ದಿನಗಳಿದ್ದವು. ಅವ್ವ ಕೊಟ್ಟಳು. ಕೊಡುವ ಮೊದಲು ಅವನನ್ನು ನಂಜನಗೂಡಿಗೆ ಕರೆದುಕೊಂಡು ಹೋಗಿ ಕಪಿಲೆಯ ದಂಡೆಯಲ್ಲಿ ಮುಡಿ ಕೊಡಿಸಿದಳು. ಬುದ್ಧನಿಗೆ ಕೊಡುವ ಮಗನ ಕೂದಲನ್ನು ನಂಜುಂಡಪ್ಪನಿಗೆ ಒಪ್ಪಿಸಿದಳು. ಅವಳಿಗೆ ಇಬ್ಬರೂ ಬೇಕಾಗಿತ್ತು.

ಅವನು ಬೆಂಗಳೂರಿನಲ್ಲಿದ್ದಷ್ಟು ದಿನ ಅವ್ವ ಒಂದು ಸಲವೂ ನೋಡಲು ಹೋಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, “ನೋಡಕ್ ಓದ್ರೆ ಕರ್ಕಂಡ್ ಬಂದ್ಬುಡ್ತೀನಿ” ಎನ್ನುತ್ತಿದ್ದಳು. ಹಾಗೆ ಎರಡು ಮೂರು ವರ್ಷ ಕಳೆಯುವುದರಲ್ಲಿ ಹುಡುಗನನ್ನು ಓದಿಗೆ ಲಂಕೆಗೆ ಕಳಿಸಿದರು. ಅಲ್ಲಿ ಯುದ್ಧ ಹತ್ತಿಕೊಂಡಿತು. ಇಲ್ಲಿ ನಮ್ಮದು ಕೂಲಿ. ಮುಂದೆ ನಂಜನಗೂಡಿನ ಬೂತಿನಿಂದ ಫೋನು ಮಾಡುವಂತಾದ ಮೇಲೆ ಅವ್ವ ರಿಸೀವರು ಹಿಡಿದುಕೊಂಡು ಅಳುತ್ತಿದ್ದಳು, ಅವನು ಆ ಕಡೆ ಸುಮ್ಮನಿರುತ್ತಿದ್ದ, ಮೀಟರಿನ ಕೆಂಪು ಅಂಕಿ ಓಡುತ್ತಿತ್ತು.

ನಡುವೆ ಯುದ್ಧ ನಿಂತಿದ್ದ ವರ್ಷಗಳಲ್ಲಿ ನಮ್ಮ ಕಡೆಯ ಕೆಲವರು ಸೇರಿ ಲಂಕೆಯ ಯಾತ್ರೆ ಹೊರಟರು. ಕವಲಂದೆಯ ರಾಚಣ್ಣ, ಬಸ್ ಕಂಡಕ್ಟರಾಗಿ ರಿಟೈರಾದವನು, ನನಗೆ ವರಸೆಯಲ್ಲಿ ಅಣ್ಣನಾಗಬೇಕು, ನಡಿ ಎಂದ. ಅವ್ವನಿಗೆ ಮಂಡಿ ನೋವು, ಅವಳು ಬರುವ ಹಾಗಿರಲಿಲ್ಲ. ಹೊರಡುವ ಬೆಳಿಗ್ಗೆ ಒಂದು ಟಿನ್ನು ತಂದು ನನ್ನ ಬ್ಯಾಗಿನಲ್ಲಿಟ್ಟಳು. ರಾಗಿಯ ಹುರಿಹಿಟ್ಟು. ನಿಂಗ ಸಣ್ಣವನಿದ್ದಾಗ ಬೆಲ್ಲ ಹಾಕಿ ಕಲಸಿಕೊಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

“ಅವ್ನ ಒಂದ್ ಮಾತ ಕೇಳ್ಕಂಡ್ ಬಾ ಸಿದ್ದ” ಎಂದಳು.

“ಏನವ್ವ?”

“ಕೊಟ್ಬುಟ್ಲು ಅಂತ ನನ್ ಮ್ಯಾಲ ಸಿಟ್ಟದಾ ಅಂತ.”

“ಈಗ್ಯಾಕವ್ವ ಅದೆಲ್ಲಾ, ಬುಡು.”

“ನಿಂಗೇನ್ಲಾ ಗೊತ್ತು? ಅದ ಅಂದ್ರೂ ಸರಿ, ಇಲ್ಲ ಅಂದ್ರೂ ಸರಿ. ದಿಟ ಕೇಳ್ಕಂಡ್ ಬಾ. ನೀನೇ ಒಂದ ಕಟ್ಕಂಡ್ ಬಂದು ಏಳ್ಬ್ಯಾಡ.”

ಕೊಲಂಬೊ

ವಿಮಾನದ ಬಗ್ಗೆ ಬರೆಯುವಂಥದ್ದು ಏನಿಲ್ಲ. ಮದ್ರಾಸಿನಲ್ಲಿ ಹತ್ತಿದೆವು. ರಾಚಣ್ಣ ಅಭ್ಯಾಸಬಲದಿಂದ ಬಾಗಿಲ ಹತ್ತಿರವೇ ನಿಂತುಬಿಟ್ಟಿದ್ದ, ವಿಮಾನದ ಹುಡುಗಿ ತೋಳು ಹಿಡಿದು ಕೂರಿಸಬೇಕಾಯಿತು. ಅವಳು ತಂದ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೆಳಗೆ ತೆಂಗಿನ ತೋಟ ಕಾಣಿಸಿತು.

ಕೊಲಂಬೊದಲ್ಲಿ ಕಸ್ಟಮ್ಸಿನವನು ನನ್ನ ಬ್ಯಾಗು ಬಿಚ್ಚಿಸಿದ. ಟಿನ್ನಿನ ಮುಚ್ಚಳ ತೆಗೆದರೆ ಕಂದು ಬಣ್ಣದ ಪುಡಿ. ಬಾಂಬುಗಳ ದೇಶ, ಅವನ ಮುಖ ಗಂಟಾಯಿತು. ಇನ್ನೊಬ್ಬನನ್ನು ಕರೆದ. ನನಗೆ ಇಂಗ್ಲಿಷು ಬಾರದು, ಕಟ್ಟಡದ ಕೆಲಸದಲ್ಲಿ ಕಲಿತ ತಮಿಳಿನಲ್ಲಿ ಹೇಳೋಣ ಎಂದರೆ ಯುದ್ಧ ನಡೆದ ದೇಶದಲ್ಲಿ ಆ ಭಾಷೆ ಆಡಬಹುದೋ ಬೇಡವೋ ತಿಳಿಯದು. ಕೊನೆಗೆ ನಾನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ನೆರೆತ ತಲೆಯ ಆ ಇನ್ನೊಬ್ಬ ಬಗ್ಗಿ ಮೂಸಿ ನೋಡಿದ. ಮುಖ ಅರಳಿತು. “ಕುರಕ್ಕನ್!” ಎಂದ. ತನ್ನ ಅಂಗೈಯಲ್ಲಿ ಮುದ್ದೆ ಕಟ್ಟುವಂತೆ ಮಾಡಿ ತೋರಿಸಿ, ಮುಚ್ಚಳವನ್ನು ತಾನೇ ಬಿಗಿಯಾಗಿ ಹಾಕಿಕೊಟ್ಟ. ರಾಗಿಗೆ ಅಲ್ಲಿ ಕುರಕ್ಕನ್ ಎನ್ನುತ್ತಾರೆ. ಸಮುದ್ರ ದಾಟಿ ಬಂದು ರಾಗಿಯ ನೆಂಟನೊಬ್ಬ ಸಿಕ್ಕಿದ ಹಾಗಾಯಿತು.

ಕ್ಯಾಂಡಿ, ಮೊದಲ ಸಂಜೆ

ಕ್ಯಾಂಡಿ ಗುಡ್ಡಗಳ ನಡುವೆ ಬಟ್ಟಲಿನ ಹಾಗಿದೆ. ಬಟ್ಟಲಿನ ತಳದಲ್ಲಿ ಕೆರೆ. ಒಂದು ಗುಡ್ಡದ ನೆತ್ತಿಯಲ್ಲಿ ದೊಡ್ಡ ಬಿಳಿ ಬುದ್ಧ ಕೂತಿದ್ದಾನೆ, ಊರಿನಲ್ಲಿ ಯಾವ ಓಣಿ ಹೊಕ್ಕರೂ ಅವನ ಕಣ್ಣು ತಪ್ಪುವುದಿಲ್ಲ. ನಮ್ಮ ಕಡೆ ಬಯಲಿನಲ್ಲಿ ಎಲ್ಲಿ ನಿಂತರೂ ಚಾಮುಂಡಿಬೆಟ್ಟ ಕಾಣುತ್ತದಲ್ಲ, ಹಾಗೆ.

ತಮ್ಮನ ವಿಹಾರ ಊರಾಚೆಯ ದಿಣ್ಣೆಯ ಮೇಲಿತ್ತು. ಯಾತ್ರೆಯವರೆಲ್ಲ ಮೆಟ್ಟಿಲು ಹತ್ತಿ ಹೋದೆವು. ಕಾವಿಯುಟ್ಟ ಐದಾರು ಜನ ಅಂಗಳದಲ್ಲಿ ನಿಂತಿದ್ದರು. ನನಗೆ ಇವನೇ ಎಂದು ಗೊತ್ತಾಗಲಿಲ್ಲ. ಅದರಲ್ಲಿ ಒಬ್ಬ ಎರಡು ಹೆಜ್ಜೆ ಮುಂದೆ ಬಂದು ನಿಂತ. ನಮ್ಮವರೆಲ್ಲ ನೆಲಕ್ಕೆ ಹಣೆ ಹಚ್ಚಿದರು. ನಾನು ನಿಂತೇ ಇದ್ದೆ.

“ಬಗ್ಗಲಾ” ಎಂದು ರಾಚಣ್ಣ ಕೆಳಗಿನಿಂದ ನನ್ನ ಅಂಗಿ ಜಗ್ಗಿದ. “ಎಲ್ರೂ ನೋಡ್ತಾವ್ರೆ.”

ನಾನು ಕಂಕುಳಲ್ಲಿ ಎತ್ತಿಕೊಂಡು ಕೆರೆಗೆ ಒಯ್ದು ತೊಳೆದು ತರುತ್ತಿದ್ದ ತಮ್ಮ. ಅವನಿಗೆ ಬಗ್ಗು ಎಂದರೆ ಬೆನ್ನು ಬಗ್ಗುತ್ತದೆಯೇ? ಬಗ್ಗಿದೆ. ಹಣೆ ನೆಲಕ್ಕೆ ತಾಗಿದಾಗ ಕಣ್ಣೆದುರಿಗೆ ಅವನ ಪಾದ. ಅಗಲವಾದ ಪಾದ, ಹೆಬ್ಬೆರಳು ಪಕ್ಕದ ಬೆರಳಿನಿಂದ ದೂರ. ಅದು ನಮ್ಮಪ್ಪನ ಕಾಲು. ನಾನು ಏಳುವುದು ತಡವಾಯಿತು. ಭಕ್ತಿ ಹೆಚ್ಚು ಎಂದು ಜನ ಅಂದುಕೊಂಡಿರಬೇಕು.

“ಚೆನ್ನಾಗಿದೀಯಾ ಅಯ್ಯಾ?” ಎಂದ. ಆಮೇಲೆ ನಾಲಿಗೆ ತಿದ್ದಿಕೊಂಡು, “ಅಣ್ಣಾ” ಎಂದ. ಅವರ ಭಾಷೆಯಲ್ಲಿ ಅಯ್ಯ ಎಂದರೆ ಅಣ್ಣ. ನಮ್ಮ ಊರಿನಲ್ಲಿ ಅಯ್ಯ ಎಂದು ಯಾರು ಯಾರಿಗೆ ಕೈಕಟ್ಟಿಕೊಂಡು ಕರೆಯುತ್ತಿದ್ದರು ಎನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ರಾಚಣ್ಣ ಬಾಯಿಗೆ ಟವೆಲು ಒತ್ತಿಕೊಂಡು ನಕ್ಕ: “ಸಮುದ್ರ ದಾಟ್ದೇಟ್ಗೇ ಅಯ್ಯನೋರಾಗ್ಬುಟ್ಯಲ್ಲೋ ಸಿದ್ದ!”

ತಮ್ಮನ ಕನ್ನಡಕ್ಕೆ ವಯಸ್ಸಾಗಿರಲಿಲ್ಲ. ಅವನು ಬೆಂಗಳೂರು ಬಿಟ್ಟಾಗ ಎಷ್ಟಿತ್ತೋ ಅಷ್ಟರಲ್ಲೇ ನಿಂತಿತ್ತು. ಮೂವತ್ತರ ಹತ್ತಿರದ ಗಂಡಸು, ನಾಲ್ಕು ಭಾಷೆಯಲ್ಲಿ ಪಾಠ ಹೇಳುವವನು, ನನ್ನ ಹತ್ತಿರ ಮಾತ್ರ ಸ್ಕೂಲು ಹುಡುಗನ ಹಾಗೆ ಸಣ್ಣ ಸಣ್ಣ ಮಾತು ಜೋಡಿಸುತ್ತಿದ್ದ. “ಬಸ್ಸು ದೂರ ಆಯ್ತಾ? ನಿದ್ದೆ ಬಂತಾ? ಇಲ್ಲಿ ಚಳಿ ಇದೆ.”

ನಾನು ಟಿನ್ನು ತೆಗೆದು ಅವನ ಮುಂದೆ ಹಿಡಿದೆ. “ಅವ್ವ ಕೊಟ್ಟವ್ಳೆ. ಉರಿಹಿಟ್ಟು. ಈಗ್ಲೇ ಒಸಿ ತಿನ್ನು.”

ಪಕ್ಕದ ಸಣ್ಣ ಸನ್ಯಾಸಿ ಕೆಳಗೆ ನೋಡಿದ. ತಮ್ಮ ಟಿನ್ನು ಮುಟ್ಟಲಿಲ್ಲ. “ಮಧ್ಯಾಹ್ನ ಆದ್ಮೇಲೆ ತಿನ್ನಲ್ಲ ಅಣ್ಣ. ನಾಳೆ ಬೆಳಿಗ್ಗೆ ಕೊಡು. ನೀನೇ ಕೈಯಲ್ಲಿ ಕೊಡಬೇಕು. ಕೊಡದೆ ಇದ್ರೆ ನಾನು ತಗೊಳೋ ಹಾಗಿಲ್ಲ.”

ಬುದ್ಧನ ಪಟಕ್ಕೆ ವರ್ಷವಿಡೀ ಊದುಬತ್ತಿ ಹಚ್ಚುವ ನಮಗೆ ಈ ನಿಯಮ ಗೊತ್ತಿರಲಿಲ್ಲ. ಟಿನ್ನನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡು ಮೆಟ್ಟಿಲಿಳಿದೆ.

ವಿಹಾರದ ಬೆಳಗು

ಬೆಳಿಗ್ಗೆ ಹಿಟ್ಟಿಗೆ ಬೆಲ್ಲ ಕಲಸಿ ಉಂಡೆ ಕಟ್ಟಿದೆ. ಅವರ ಬೆಲ್ಲ ಈಚಲಿನ ಜಾತಿಯ ಒಂದು ಮರದ್ದು, ಕಪ್ಪು, ನಮ್ಮ ಕಬ್ಬಿನ ಬೆಲ್ಲದಷ್ಟು ಅಂಟುವುದಿಲ್ಲ. ಆದರೂ ಅವ್ವನ ಅಳತೆಯ ಉಂಡೆಯನ್ನೇ ಕಟ್ಟಿದೆ.

ವಿಹಾರಕ್ಕೆ ಹೋದಾಗ ತಮ್ಮ ಒಳಕೋಣೆಯಲ್ಲಿದ್ದ. ಬಾಗಿಲಿನಿಂದ ಕಂಡಿತು. ಮಂಚದ ಮೇಲೆ ತೀರ ವಯಸ್ಸಾದ ಗುರುಗಳು, ಒಂದು ಕಡೆ ಮೈ ಸ್ವಾಧೀನವಿಲ್ಲ. ತಮ್ಮ ಅವರ ತಲೆಯನ್ನು ತನ್ನ ತೋಳಿಗೆ ಆನಿಸಿಕೊಂಡು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. ಗಂಜಿ ತುಟಿಯ ಕೊನೆಯಿಂದ ಇಳಿದರೆ ಬೆರಳಿನಲ್ಲಿ ಒರೆಸಿ ಮತ್ತೆ ಬಾಯಿಗೆ ಇಡುತ್ತಿದ್ದ. ಏನೋ ಹೇಳಿ ಅವರನ್ನು ನಗಿಸುತ್ತಿದ್ದ. ಅವನನ್ನು ಲಂಕೆಯಲ್ಲಿ ಬೆಳೆಸಿದವರು ಅವರೇ. ಜ್ವರ ಬಂದರೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂರುತ್ತಿದ್ದರಂತೆ. “ಇವರನ್ನ ಬಿಟ್ಟು ಎಲ್ಲೂ ಹೋಗಲ್ಲ” ಎಂದ, ನಾನು ಕೇಳದೆಯೇ. ಊರಿಗೆ ಬಾ ಎಂದು ಕರೆಯಬೇಕೆಂದು ಮೈಸೂರಿನಿಂದ ಜೋಡಿಸಿಕೊಂಡು ಬಂದಿದ್ದ ಮಾತನ್ನು ಅಲ್ಲಿಗೇ ಬಿಟ್ಟೆ.

ಅವನು ಎತ್ತರದ ಪೀಠದಲ್ಲಿ ಕೂತ, ನಾನು ಚಾಪೆಯ ಮೇಲೆ. ಎರಡೂ ಕೈಯಲ್ಲಿ ಉಂಡೆಯ ತಟ್ಟೆ ಹಿಡಿದೆ. ಒಂದು ತೆಗೆದುಕೊಂಡು ನಿಧಾನಕ್ಕೆ ತಿಂದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಗಾರೆ ಹಿಡಿಯಿತೋ ಇಲ್ಲವೋ ಎಂದು ಗೋಡೆಯನ್ನು ನೋಡುವ ಹಾಗೆ.

“ಚೆನ್ನಾಗಿದೆ” ಎಂದ. “ಕುರಕ್ಕನ್ ಅಲ್ವಾ? ನಮ್ಮ ಕಡೇನೂ ಬೆಳೀತಾರೆ.”

ನಮ್ಮ ಕಡೆ ಎಂದರೆ ಅವನ ಕಡೆ.

ಅವ್ವನ ಫೋಟೋ ಕೊಟ್ಟೆ, ನಂಜನಗೂಡಿನ ಸ್ಟುಡಿಯೋದಲ್ಲಿ ಹೊಸ ಸೀರೆ ಉಡಿಸಿ ತೆಗೆಸಿದ್ದು. ಎರಡು ಕೈ ಚಾಚಿ ತೆಗೆದುಕೊಂಡ. ಬಹಳ ಹೊತ್ತು ನೋಡಿ, “ಇವರು ಅವ್ವ” ಎಂದ. ಪಾಠ ಒಪ್ಪಿಸಿದ ಹಾಗಿತ್ತು.

ದಂತ ಮಂದಿರ

ಕ್ಯಾಂಡಿಗೆ ಹೋದವರು ನೋಡಲೇಬೇಕಾದ ಜಾಗ ಇದು. ಬುದ್ಧನ ಹಲ್ಲೊಂದನ್ನು ಇಟ್ಟು ಪೂಜಿಸುವ ಗುಡಿ. ಒಳಗೆ ಹೋಗುವ ಮುಂಚೆ ಮೈಯೆಲ್ಲ ತಡವಿ ನೋಡುತ್ತಾರೆ, ಯುದ್ಧದ ದಿನಗಳಲ್ಲಿ ಇಲ್ಲಿ ಬಾಂಬು ಸಿಡಿದಿತ್ತು. ಮುಂದಿನ ಗೋಡೆಯನ್ನು ರಿಪೇರಿ ಮಾಡಿದ್ದಾರೆ. ಹಳೆಯ ಕಲ್ಲು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿ ಹುಡುಕಿ ನೋಡಿದೆ. ಒಳ್ಳೆಯ ಕೈ, ಸಂದು ಸುಲಭಕ್ಕೆ ಸಿಗುವುದಿಲ್ಲ. ಆದರೆ ಹೊಸ ಕಲ್ಲಿಗೆ ಇನ್ನೂ ಜನರ ಕೈಯ ಜಿಡ್ಡು ಹತ್ತಿಲ್ಲ.

ನಂಜನಗೂಡಿನಷ್ಟೇ ಜನ, ಆದರೆ ನೂಕಾಟವಿಲ್ಲ, ಕೂಗಾಟವಿಲ್ಲ. ತೆಂಗಿನಕಾಯಿ ಒಡೆಯುವುದಿಲ್ಲ. ಎಲ್ಲರ ಕೈಯಲ್ಲೂ ಬೊಗಸೆ ಹೂವು, ತೊಟ್ಟು ಬಿಡಿಸಿದ್ದು. ಡೋಲು ಬಡಿದರು, ಬಾಗಿಲು ತೆಗೆದರು. ಕಂಡದ್ದು ಚಿನ್ನದ ಕರಂಡಕ, ಹಲ್ಲಲ್ಲ.

“ಇಷ್ಟ್ ದೂರ ಬಂದೂ ಅಲ್ಲು ಕಾಣ್ನಿಲ್ವಲ್ಲೋ” ಎಂದು ರಾಚಣ್ಣ ಹೊರಗೆ ಬಂದು ಗೊಣಗಿದ.

“ಯಾರಿಗೂ ಕಾಣಲ್ಲ. ಒಳಗೆ ಇದೆ ಅಂತ ಗೊತ್ತಿದ್ರೆ ಸಾಕು” ಎಂದ ತಮ್ಮ.

ನನಗೆ ನಮ್ಮ ಹಳೆಯ ಮನೆ ನೆನಪಾಯಿತು. ವಿಹಾರಕ್ಕೆ ಕೊಡುವ ಹಿಂದಿನ ವಾರ ನಿಂಗನ ಮುಂದಿನ ಹಲ್ಲು ಬಿದ್ದಿತ್ತು. ಅವ್ವ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆದಿದ್ದಳು, ಎಲ್ಲ ಮಕ್ಕಳಿಗೂ ಮಾಡುವ ಹಾಗೆ. ಎಷ್ಟೋ ವರ್ಷದ ಮೇಲೆ ನಾನು ಆ ಮನೆ ಬಿಚ್ಚಿ ಆರ್‌ಸಿಸಿ ಮನೆ ಕಟ್ಟಿಸಲು ಹೊರಟೆ. ಅವ್ವ ಬೀದಿಯಲ್ಲಿ ಕೂತು, ಇಳಿಸಿದ ಒಂದೊಂದು ಹಂಚನ್ನೂ ಮಗುಚಿ ನೋಡಿದಳು. “ಏನವ್ವ ಉಡುಕ್ತೀಯ?” ಎಂದರೆ, “ಏನಿಲ್ಲ ಕಣ, ಚೇಳು ಇದ್ದಾವು ಅಂತ” ಎಂದಳು. ಕತ್ತಲಾಗುವವರೆಗೆ ಹುಡುಕಿದಳು. ಸಿಗಲಿಲ್ಲ.

ಇದನ್ನು ತಮ್ಮನಿಗೆ ಅಲ್ಲೇ ಹೇಳಬೇಕೆನಿಸಿತು. ಅವನು ಒಬ್ಬ ಮುದುಕಿಗೆ ಮೆಟ್ಟಿಲು ತೋರಿಸುತ್ತಿದ್ದ. ಅವಳು ಅವನ ಕಾಲಿಗೆ ಬಿದ್ದಳು. ಸನ್ಯಾಸಿ ಹೆಂಗಸರನ್ನು ಮುಟ್ಟಬಾರದು, ಅವನು ಅವಳನ್ನು ಹಿಡಿದು ಎಬ್ಬಿಸುವ ಹಾಗಿಲ್ಲ. ತಾನಾಗಿ ಏಳುವವರೆಗೆ ಕಾದು ನಿಂತ. ಅವ್ವ ಬಾರದೇ ಇದ್ದದ್ದು ಒಳ್ಳೆಯದಾಯಿತು ಎಂದು ಮೊದಲ ಸಲ ಅನಿಸಿತು.

ಪೆರದೇನಿಯ

ಊರಿನಿಂದ ಸ್ವಲ್ಪ ಹೊರಗೆ ಒಂದು ದೊಡ್ಡ ಸಸ್ಯತೋಟವಿದೆ. ಅಲ್ಲಿಗೆ ಬಸ್ಸಿನಲ್ಲಿ ಹೋದೆವು. ಮುಂದಿನ ಸೀಟು ಖಾಲಿಯಿತ್ತು, ತಮ್ಮ ಕೂತ. ಇಷ್ಟು ವರ್ಷದ ಮೇಲೆ ಒಂದು ಸಲ ಭುಜಕ್ಕೆ ಭುಜ ತಾಗಿಸಿ ಕೂರೋಣ ಎಂದು ನಾನು ಪಕ್ಕದಲ್ಲಿ ಕೂತೆ. ಒಬ್ಬ ಅಜ್ಜ ಬಾಯಿ ತೆರೆದು ನನ್ನನ್ನೇ ನೋಡಿದ. ಕಂಡಕ್ಟರು ಬಂದು ಮೆಲ್ಲಗೆ ನನ್ನ ತೋಳು ತಟ್ಟಿ ಹಿಂದೆ ತೋರಿಸಿದ. ಆ ಸೀಟು ಸನ್ಯಾಸಿಗಳದ್ದು, ಮನೆವಾರ್ತೆಯವರು ಅವರ ಪಕ್ಕದಲ್ಲಿ ಸಮಸಮ ಕೂರುವುದಿಲ್ಲ.

“ಅವನು ನಮ್ಮಣ್ಣ” ಎಂದು ತಮ್ಮ ಅವರ ಭಾಷೆಯಲ್ಲಿ ಹೇಳಿರಬೇಕು, ಕಂಡಕ್ಟರು ಕೈಮುಗಿದ. ಆದರೂ ನಾನು ಎದ್ದು ಹಿಂದೆ ಹೋದೆ. ನಮ್ಮ ಕಡೆ ಪಕ್ಕದಲ್ಲಿ ಕೂರಬೇಡ ಎನ್ನಿಸಿಕೊಂಡು ಎದ್ದದ್ದು ನನಗೆ ಹೊಸದೇನಲ್ಲ. ತಮ್ಮನ ಪಕ್ಕದಿಂದ ಎದ್ದದ್ದು ಹೊಸದು. ರಾಚಣ್ಣನಿಗೆ ಇದೊಂದೂ ಗೊತ್ತಾಗಲಿಲ್ಲ. ಅವನ ಗಮನವೆಲ್ಲ ಕಂಡಕ್ಟರಿನ ಮೇಲಿತ್ತು. “ಇವ್ನು ಸೀಟಿನೇ ಊದಲ್ಲ ಕಣ್ಲಾ, ತಗಡು ತಟ್ತಾನೆ! ನಮ್ ಡಿಪೋನಲ್ಲಾಗಿದ್ರೆ ಮೆಮೋ ಕೊಡೋರು.”

ತೋಟದಲ್ಲಿ ಸಾಲು ತಾಳೆಮರ, ಒಂದೇ ಆಲದ ಜಾತಿಯ ಮರ ಒಂದು ಬಯಲನ್ನೆಲ್ಲ ಮುಚ್ಚಿಕೊಂಡು ನಿಂತಿದೆ. ತೊಡೆ ಗಾತ್ರದ ಬಿದಿರು ಕಂಡು ತಟ್ಟಿ ನೋಡಿದೆ. ಒಂದು ಮೆಳೆ ಸಿಕ್ಕರೆ ಮೂರು ಮಹಡಿಗೆ ಹತ್ತಿ ನಿಲ್ಲುವ ಸಾರುವೆ ಕಟ್ಟಬಹುದು. ಮರಗಳ ತುದಿಯಲ್ಲಿ ದೊಡ್ಡ ಬಾವಲಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ತಮ್ಮ ಎಲ್ಲವನ್ನೂ ಬೆರಳು ಚಾಚಿ ತೋರಿಸಿದ. “ನೋಡು ಅಣ್ಣ, ದೊಡ್ಡ ಬಾವಲಿ. ಎಷ್ಟೊಂದು!” ಆ ಒಂದು ಗಳಿಗೆ ಅವನು ನಮ್ಮ ನಿಂಗನೇ. ನಾನು ಕೈ ಎತ್ತಿ ಅವನ ತಲೆ ಸವರಲು ಹೋಗಿ, ಕಾವಿ ಕಂಡು, ನನ್ನ ತಲೆಯನ್ನೇ ಕೆರೆದುಕೊಂಡೆ.

ರಾಚಣ್ಣ ನನ್ನನ್ನು ಪಕ್ಕಕ್ಕೆ ಎಳೆದ. “ಕೇಳ್ದೇನ್ಲಾ ನಿಮ್ಮವ್ವನ್ ಮಾತ?”

“ಇಲ್ಲ.”

“ಯಾಕ್ಲಾ?”

“ಬಸ್ಸಲ್ಲಿ ಎಂಗ್ ಕೇಳ್ಲಿ ರಾಚಣ್ಣ.”

“ಈಗ ಬಸ್ಸಲ್ಲಿದ್ದೀಯಾ?”

ನಾನು ಬಾವಲಿ ನೋಡಿದೆ.

ಗಡಲದೇನಿಯ

ಮಾರನೆಯ ದಿನ ಹೋದದ್ದು ಬಂಡೆಯ ಮೇಲಿನ ಒಂದು ಕಲ್ಲುಗುಡಿಗೆ. ಊರಿನಿಂದ ದೂರ, ಹಳ್ಳಿಯ ದಾರಿ, ಎರಡೂ ಕಡೆ ಹಿತ್ತಾಳೆ ಕೆಲಸದವರ ಅಂಗಡಿಗಳು. ಬಂಡೆಯ ತಗ್ಗಿನಲ್ಲಿ ನಿಂತ ನೀರಿನಲ್ಲಿ ತಾವರೆ ಎಲೆ. ಗುಡಿಯ ಕಂಬ, ಮೆಟ್ಟಿಲು ನೋಡಿದ ತಕ್ಷಣ ಇದು ನಮ್ಮ ಕಡೆಯ ಕೈ ಎನಿಸಿತು. ಹೇಳಿದೆ. ತಮ್ಮ ಹೌದೆಂದ. ಬಹಳ ಹಿಂದೆ ದಕ್ಷಿಣ ಭಾರತದಿಂದ ಬಂದ ಶಿಲ್ಪಿ ಕಟ್ಟಿದ್ದಂತೆ. ಊರು ಬಿಟ್ಟು ಬಂದು, ಬೇರೆ ಜನಕ್ಕೆ, ತನ್ನ ಊರಿನ ಮಾದರಿಯ ಗುಡಿ ಕಟ್ಟಿದ್ದಾನೆ. ಅವನು ವಾಪಸು ಹೋದನೋ ಇಲ್ಲವೋ ಎಂದು ಕೇಳಿದೆ. ಅದು ತಮ್ಮನಿಗೆ ಗೊತ್ತಿರಲಿಲ್ಲ.

ನಾನು ಸೋಮನಾಥಪುರದ ಮಾತು ತೆಗೆದೆ. ಅಪ್ಪ ಬದುಕಿದ್ದಾಗ ನಾವೆಲ್ಲ ಅಲ್ಲಿ ನಾಲೆ ಕೆಲಸಕ್ಕೆ ಹೋಗಿ ಗುಡಿಸಲು ಹಾಕಿಕೊಂಡಿದ್ದೆವು. ಬಿಡುವಿನ ದಿನ ಅವ್ವ ನಿಂಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗುಡಿಯ ಸುತ್ತ ನಡೆಯುತ್ತಿದ್ದಳು. ಗೋಡೆಯ ಬುಡದಲ್ಲಿ ಆನೆಗಳ ಸಾಲಿದೆಯಲ್ಲ, ಒಂದೊಂದು ಆನೆಗೂ ಅವನು ಒಂದೊಂದು ಹೆಸರಿಡುತ್ತಿದ್ದ. ಅವ್ವ ಆ ಹೆಸರನ್ನೆಲ್ಲ ತಪ್ಪದೆ ವಾಪಸು ಹೇಳಬೇಕು, ತಪ್ಪಿದರೆ ಅಳು. ಅವಳಿಗೆ ಇವತ್ತಿಗೂ ಅದರಲ್ಲಿ ಕೆಲವು ಹೆಸರು ಬಾಯಲ್ಲಿದೆ.

“ನೆಪ್ಪದಾ ನಿಂಗ?” ಬಾಯಿ ತಪ್ಪಿ ಹಳೆಯ ಹೆಸರು ಬಂತು.

ಅವನು ನೀರಿನ ಕಡೆ ನೋಡುತ್ತ ಕೂತ. ನೆನಪು ಮಾಡಿಕೊಳ್ಳಲು ಪಾಪ ಕಷ್ಟಪಡುತ್ತಿದ್ದಾನೆಂದು ತಿಳಿಯುತ್ತಿತ್ತು. “ಇಲ್ಲ ಅಣ್ಣ” ಎಂದ. “ಒಂದು ಆನೆ ಹೆಸರು ಹೇಳು.”

“ಕರಿಯಪ್ಪ. ಇನ್ನೊಂದು ಬೆಲ್ಲ.”

“ಬೆಲ್ಲ” ಎಂದು ನಕ್ಕ. ಬೇರೆ ಯಾರದೋ ಮಗುವಿನ ಮಾತಿಗೆ ನಗುವಂತೆ ನಕ್ಕ.

ಕೆರೆ ದಂಡೆ

ಹೊರಡುವ ದಿನ ಮಧ್ಯಾಹ್ನ ಅವನು ನನ್ನನ್ನು ಕೆರೆಯ ಸುತ್ತ ಕರೆದುಕೊಂಡು ಹೋದ. ರಾಚಣ್ಣ ಕಾಲುನೋವು ಎಂದು ಉಳಿದುಕೊಂಡ. ಅವನ ಕಾಲಿಗೆ ಏನೂ ಆಗಿರಲಿಲ್ಲ.

ಕೆರೆಯ ದಂಡೆಗೆ ಒಂದು ಬಿಳಿ ಗೋಡೆಯಿದೆ. ನಾನು ನೋಡಿದ ಗೋಡೆಗಳಲ್ಲೆಲ್ಲ ಚೆಂದದ್ದು ಅದೇ. ತಲೆ ನೇರವಿಲ್ಲ, ಅಲೆ ಅಲೆಯಾಗಿ ಎದ್ದು ಇಳಿಯುತ್ತದೆ. ಮೈತುಂಬ ಮುಕ್ಕೋನದ ಗೂಡು, ದೀಪ ಇಡುವುದಕ್ಕೆ. ಮೋಡದ ಗೋಡೆ ಎನ್ನುತ್ತಾರಂತೆ. ನೂಲು ಹಿಡಿದು ನೇರ ಕಟ್ಟುವುದನ್ನು ಯಾರಾದರೂ ಕಲಿಸಬಹುದು, ಹೀಗೆ ಬಳುಕಿಸಿ ಕಟ್ಟಿ ನಿಲ್ಲಿಸುವುದು ಬೇರೆ ವಿದ್ಯೆ. ಗೂಡುಗಳ ಒಳಗೆ ಬೆರಳಾಡಿಸುತ್ತ ನಡೆದೆ. ಒಂದು ಕಡೆ ಗೋಡೆ ನಿಂತುಹೋಯಿತು. ಆಚೆ ಬರೀ ದಂಡೆ.

“ಇಷ್ಟೇ ಕಟ್ಟಿದ್ರು” ಎಂದ ತಮ್ಮ. “ಇಂಗ್ಲಿಷಿನವರು ಬಂದ್ರು. ರಾಜನ್ನ ಹಿಡ್ಕೊಂಡು ವೆಲ್ಲೂರಿಗೆ ಕಳಿಸಿದ್ರು, ಅಲ್ಲೇ ತೀರ್ಕೊಂಡ. ಗೋಡೆ ಹಂಗೇ ಉಳೀತು.”

ವೆಲ್ಲೂರು ನಮಗೆ ಆಸ್ಪತ್ರೆಯ ಊರು. ನಮ್ಮ ಕಡೆಯ ಊರಿನಲ್ಲಿ ಇವರ ರಾಜ ಸತ್ತಿದ್ದಾನೆ, ಇವರ ಕೆರೆಯ ದಂಡೆಯಲ್ಲಿ ನಮ್ಮ ಹುಡುಗ ನಿಂತಿದ್ದಾನೆ. ಸಂಜೆಯಾದರೆ ಬಸ್ಸು. ಇನ್ನು ಕೇಳದಿದ್ದರೆ ಇಲ್ಲ.

“ಅವ್ವ ಒಂದ್ ಮಾತ ಕೇಳ್ಕಂಡ್ ಬಾ ಅಂದವ್ಳೆ” ಎಂದೆ. ಅವನ ಮುಖ ನೋಡದೆ ಗೋಡೆಯನ್ನೇ ನೋಡುತ್ತ ಹೇಳಿದೆ. “ನಿನ್ನ ಕೊಟ್ಬುಟ್ಲಲ್ಲ, ಅದ್ಕೆ ಅವ್ಳ್ ಮ್ಯಾಲ ಸಿಟ್ಟದಾ?”

ನೀರಿನಲ್ಲಿ ಒಂದು ಕೊಕ್ಕರೆ ಕಾಲು ಬದಲಿಸಿತು.

“ಇಲ್ಲ ಅಣ್ಣ” ಎಂದ. “ಸಿಟ್ಟು ಬರೋಕೆ ಮುಖ ಬೇಕಲ್ವಾ. ನನ್ನ ಹತ್ತಿರ ಅವ್ವನ ಮುಖ ಇಲ್ಲ.”

ನಾನು ತಿರುಗಿ ನೋಡಿದೆ.

“ಸಣ್ಣವನಿದ್ದಾಗ ಹುಡುಕ್ತಿದ್ದೆ. ಕಣ್ಣು ಮುಚ್ಚಿ ಕೂತಾಗ ಎಲ್ಲರೂ ಧ್ಯಾನ ಮಾಡ್ತಿದ್ರು, ನಾನು ಹುಡುಕ್ತಿದ್ದೆ. ಬರ್ತಾನೇ ಇರಲಿಲ್ಲ. ಆಮೇಲೆ ಹುಡುಕೋದು ಬಿಟ್ಟೆ. ಒಂದು ಕೈ ಇದೆ. ಹೊಳೆ ಹತ್ತಿರ ತಲೆ ಬೋಳಿಸ್ತಿದ್ರು. ನಾನು ಅಳ್ತಿದ್ದೆ. ಒಂದು ಕೈ ನನ್ನ ಕೆನ್ನೆ ಹಿಡ್ಕೊಂಡಿತ್ತು, ಅಲ್ಲಾಡದ ಹಾಗೆ. ತುಂಬ ಒರಟು ಕೈ. ಚುಚ್ಚುತ್ತಿತ್ತು. ಅದು ಅಪ್ಪನ ಕೈಯಾ?”

ಅಪ್ಪ ಸತ್ತು ಆಗ ತಿಂಗಳುಗಳಾಗಿದ್ದವು. ಅವ್ವ ದೂರದ ಮೆಟ್ಟಿಲಲ್ಲಿ ಮುಖ ತಿರುಗಿಸಿ ಕೂತಿದ್ದಳು, ಅವನ ಅಳು ನೋಡಲಾರದೆ. ಕೆನ್ನೆ ಹಿಡಿದದ್ದು ನಾನು. ಸುಣ್ಣ ಕಲಸಿ ಕಲಸಿ ಅಂಗೈ ಸುಲಿದು ಗಟ್ಟಿಯಾಗಿತ್ತು. ಅವಳು ಇಷ್ಟು ವರ್ಷ ನೆನೆದು ನೆನೆದು ಅತ್ತಳು, ಉಳಿದದ್ದು ನನ್ನ ಕೈ. ಅವಳಿಗೆ ಸೇರಬೇಕಾದ್ದು ನನ್ನ ಪಾಲಿಗೆ ಬಂದಿತ್ತು, ವಾಪಸು ಕೊಡುವ ದಾರಿ ಇರಲಿಲ್ಲ.

ನಾನು ಕೈ ಚಾಚಿದೆ. ಅವನು ಆ ಅಂಗೈಯನ್ನು ನೋಡಿದ. ಸುತ್ತ ಜನ ಓಡಾಡುತ್ತಿದ್ದರು. ತಲೆ ತಗ್ಗಿಸಿ, ಕೆನ್ನೆಯನ್ನು ನನ್ನ ಕೈಗೆ ಇಟ್ಟ. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಮತ್ತೆ ಮುಂದೆ ನಡೆದ, ನಾನು ಹಿಂದೆ ನಡೆದೆ.

ಹದಿನಾರು

ಅವ್ವ ಜಗಲಿಯಲ್ಲೇ ಕೂತಿದ್ದಳು. ಮೊದಲು ಆ ಊರಿನ ಸುದ್ದಿಯನ್ನೆಲ್ಲ ಹೇಳಿಸಿಕೊಂಡಳು. ಬಿಳಿ ಬುದ್ಧ, ಬಾವಲಿ, ಮೋಡದ ಗೋಡೆ. ಹಲ್ಲಿನ ಗುಡಿಯ ಸುದ್ದಿಗೆ ಮಾತ್ರ “ಅಲ್ಲು ಕಂಡ್ಯಾ?” ಎಂದು ಕೇಳಿದಳು. ಇಲ್ಲ ಎಂದೆ. “ಊಂ” ಎಂದಳು. ಗುರುಗಳಿಗೆ ಕಾಯಿಲೆ, ಅವನು ಈಗ ಬರುವ ಹಾಗಿಲ್ಲ ಎಂದೆ. ಅದಕ್ಕೂ “ಊಂ.” ಅವನು ಅವರಿಗೆ ಗಂಜಿ ಕುಡಿಸಿದ್ದನ್ನು ಹೇಳಲಿಲ್ಲ.

“ಉರಿಹಿಟ್ಟ ತಿಂದ್ನಾ?”

“ತಿಂದ.”

“ಏನಂದ?”

“ಚೆನ್ನಾಗದ ಅಂದ.”

ಖಾಲಿ ಟಿನ್ನನ್ನು ಮಡಿಲಲ್ಲಿ ಇಟ್ಟುಕೊಂಡು ಮುಚ್ಚಳವನ್ನು ತಿರುಗಿಸುತ್ತ ಕೂತಳು. ಕೇಳುತ್ತಾಳೆಂದು ಗೊತ್ತಿತ್ತು. ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡೇ ಬಂದಿದ್ದೆ. ಸುಳ್ಳು ಹೇಳಬಾರದೆಂದು ಆಣೆ ಇದ್ದ ಹಾಗಿತ್ತು, ಸುಳ್ಳು ಹೇಳುವ ಅಗತ್ಯವೂ ಬರಲಿಲ್ಲ.

“ಸಿಟ್ಟದಂತಾ?”

“ಇಲ್ಲ ಕಣವ್ವ. ಅವ್ನೇ ಅಂದ. ಸಿಟ್ಟಿಲ್ಲ.”

“ಒಸಿನೂ?”

“ಒಸಿನೂ ಇಲ್ಲ.”

ಅವಳು ನಗುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ನನ್ನ ಬಾಯಿ ಹೇಳದ್ದು ಅವಳಿಗೆ ಅಲ್ಲಿ ಕಂಡಿರಬೇಕು. ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದಳು. ಟಿನ್ನು ತೊಳೆಯಲು ಹಿತ್ತಿಲಿಗೆ ಹೋಗುತ್ತ, ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗದೆ ಹೇಳಿದಳು:

“ಒಸಿನಾರ ಇರ್ಬೇಕಾಗಿತ್ತು ಕಣಪ್ಪ.”